ಹಿರಿಯರ ಆರೈಕೆಯನ್ನು ಕಲಿಸುವುದು ಹೇಗೆ? ವೈದ್ಯಕೀಯ ಮತ್ತು ನರ್ಸಿಂಗ್ ಕಾಲೇಜುಗಳಿಗೆ ಹೋಲಿಕೆಯ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ನಾನು ಪಾಠ ಮಾಡುತ್ತಿದ್ದ ಆಸ್ಪತ್ರೆಯ ಮಹಿಳಾ ಮೆಡಿಸಿನ್ ವಾರ್ಡಿಗೆ 78 ವರ್ಷದ ಅಜ್ಜಿಯೊಬ್ಬರು ದಾಖಲಾಗಿದ್ದರು. ರಾತ್ರಿಯೆಲ್ಲ ತೀರಿಹೋದ ಅಣ್ಣನ ಹೆಸರು ಹಿಡಿದು ಕೂಗುತ್ತಿದ್ದವರು ಬೆಳಗಿನ ರೌಂಡ್ಸ್ ಹೊತ್ತಿಗೆ ತೂಕಡಿಸುತ್ತಿದ್ದರು. ಇಂಟರ್ನ್ ಕೇಸ್ ಶೀಟಿನಲ್ಲಿ ‘ವಯೋಸಹಜ ಮರೆವು’ ಎಂದು ಬರೆದಿದ್ದ. ಅರವತ್ತಕ್ಕೆ ಅರಳುಮರಳು ಎಂದು ಸೊಸೆಯೂ ಒಪ್ಪಿಕೊಂಡಾಗಿತ್ತು. ಮಗಳೊಬ್ಬಳು ಮಾತ್ರ, “ಶನಿವಾರದ ತನಕ ಅವ್ವ ಸರಿಯಾಗೇ ಇದ್ದಳು, ಹಾಲಿನ ಡೇರಿಯ ಲೆಕ್ಕ ಅವಳದೇ” ಎಂದಳು. ಶನಿವಾರದ ತನಕ ಲೆಕ್ಕ ನೋಡುತ್ತಿದ್ದವರು ಸೋಮವಾರ ದಿಕ್ಕು ತಪ್ಪಿದರೆ ಅದು ಮರೆವಿನ ಕಾಯಿಲೆಯಲ್ಲ, ಡೆಲಿರಿಯಮ್, ಅಂದರೆ ದೇಹದ ತೊಂದರೆಯಿಂದ ದಿಢೀರನೆ ಮನಸ್ಸು ಗಲಿಬಿಲಿಗೊಳ್ಳುವ ಸ್ಥಿತಿ. ಕಾರಣ ಹುಡುಕಿದಾಗ ಮೂತ್ರದ ಸೋಂಕು ಸಿಕ್ಕಿತು, ಜೊತೆಗೆ ನೆಗಡಿಗೆಂದು ಅಂಗಡಿಯಿಂದ ತಂದು ನುಂಗಿಸಿದ್ದ ಕ್ಲೋರ್‌ಫೆನಿರಮಿನ್ ಮಾತ್ರೆಗಳೂ ಸಿಕ್ಕಿದವು. ಹಿಂದಿನ ದಿನದಿಂದ ಮೂತ್ರ ಕಡಿಮೆಯಾಗಿರುವುದನ್ನು ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ತನ್ನ ಚಾರ್ಟಿನಲ್ಲಿ ಗುರುತು ಮಾಡಿಟ್ಟಿದ್ದಳು. ಅವಳನ್ನು ಯಾರೂ ಕೇಳಿರಲಿಲ್ಲ.

ಆ ಇಂಟರ್ನ್ ದಡ್ಡನಾಗಿರಲಿಲ್ಲ. ಡೆಲಿರಿಯಮ್ಮಿನ ಕಾರಣಗಳನ್ನು ಕೇಳಿದ್ದರೆ ಹತ್ತನ್ನು ಗಡಗಡನೆ ಹೇಳುತ್ತಿದ್ದ. ಹಾಸಿಗೆಯ ಪಕ್ಕದಲ್ಲಿ ಅದನ್ನು ಗುರುತಿಸುವುದನ್ನು ಅವನಿಗೆ ಯಾರೂ ತೋರಿಸಿರಲಿಲ್ಲ, ಏಕೆಂದರೆ ತೋರಿಸಬೇಕಾದ ನಮಗೂ ಯಾರೂ ತೋರಿಸಿರಲಿಲ್ಲ. ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಹಿರಿಯರ ಆರೈಕೆಯ ತರಬೇತಿ ಕೊಡಲು ಹೊರಟ ಕಾಲೇಜಿನ ಮುಂದೆ ಇಂದು ನಾಲ್ಕೈದು ದಾರಿಗಳಿವೆ. ಹಣ, ಸಮಯ ಮತ್ತು ಜನ ಮೂರೂ ಮಿತಿಯಲ್ಲಿರುವಾಗ ಯಾವುದನ್ನು ಮೊದಲು ಹಿಡಿಯಬೇಕೆಂದು ತೀರ್ಮಾನಿಸಬೇಕಾದ ಪಠ್ಯಕ್ರಮ ಸಮಿತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಹೋಲಿಕೆಯನ್ನು ಬರೆದಿದ್ದೇನೆ.

ಮೊದಲು ಕೈಯಲ್ಲಿರುವುದನ್ನು ಎಣಿಸಿಕೊಳ್ಳಿ

ಹೊಸದನ್ನು ತರುವ ಮೊದಲು, ಈಗಾಗಲೇ ಕಡ್ಡಾಯವಾಗಿರುವುದೇನು ಎಂದು ನೋಡಿಕೊಳ್ಳುವುದು ಒಳ್ಳೆಯದು. 2019ರ ಬ್ಯಾಚಿನಿಂದ ಜಾರಿಗೆ ಬಂದ ಸಾಮರ್ಥ್ಯಾಧಾರಿತ ಎಂಬಿಬಿಎಸ್ ಪಠ್ಯಕ್ರಮವು ಜನರಲ್ ಮೆಡಿಸಿನ್ ವಿಷಯದಲ್ಲಿ ಜೆರಿಯಾಟ್ರಿಕ್ಸ್‌ಗೆ, ಅಂದರೆ ವೃದ್ಧರ ವೈದ್ಯಶಾಸ್ತ್ರಕ್ಕೆ, ಪ್ರತ್ಯೇಕ ಅಧ್ಯಾಯವನ್ನೇ ಇಟ್ಟಿತು. ವೃದ್ಧರ ಬಹುಮುಖಿ ಪರಿಶೀಲನೆಯನ್ನು, ಅಂದರೆ ಕಾಯಿಲೆಯ ಜೊತೆಗೆ ಮನಸ್ಸು, ಮನೆ ಮತ್ತು ದಿನನಿತ್ಯದ ಕೆಲಸಗಳನ್ನೂ ಒಳಗೊಂಡ ಪರೀಕ್ಷೆಯನ್ನು, ವಿದ್ಯಾರ್ಥಿ ಸ್ವತಃ ಮಾಡಬೇಕೆಂದು ಅದು ಹೇಳುತ್ತದೆ. ಸಮುದಾಯ ವೈದ್ಯಶಾಸ್ತ್ರದಲ್ಲಿಯೂ ವೃದ್ಧರ ಆರೋಗ್ಯ ಸೇವೆಗಳ ಭಾಗವಿದೆ. 2021ರಲ್ಲಿ ಪರಿಷ್ಕೃತವಾದ ಬಿಎಸ್‌ಸಿ ನರ್ಸಿಂಗ್ ಪಠ್ಯಕ್ರಮದಲ್ಲಿ ವಯಸ್ಕರ ಶುಶ್ರೂಷೆಯ ಎರಡನೇ ಪತ್ರಿಕೆಯ ಹೆಸರಿನಲ್ಲಿಯೇ ಜೆರಿಯಾಟ್ರಿಕ್ ನರ್ಸಿಂಗ್ ಸೇರಿಕೊಂಡಿದೆ. ಕಾಗದದ ಮೇಲೆ ಕೊರತೆ ಬಹಳವಿಲ್ಲ. ಆದರೆ ಬಹುತೇಕ ಕಡೆ ಈ ಅಧ್ಯಾಯಗಳು ವರ್ಷದ ಕೊನೆಯಲ್ಲಿ, ಅರ್ಧ ಖಾಲಿಯಾದ ಲೆಕ್ಚರ್ ಹಾಲಿನಲ್ಲಿ, ಪವರ್‌ಪಾಯಿಂಟಿನಲ್ಲಿ ಮುಗಿದುಹೋಗುತ್ತವೆ ಎಂಬುದು ಪಾಠ ಮಾಡುವವರೆಲ್ಲರಿಗೂ ಗೊತ್ತಿರುವ ಗುಟ್ಟು.

ರೋಗಿಗಳ ಕೊರತೆಯಂತೂ ಇಲ್ಲವೇ ಇಲ್ಲ. 2011ರ ಜನಗಣತಿಯ ಹೊತ್ತಿಗೇ ದೇಶದಲ್ಲಿ 60 ದಾಟಿದವರು 10 ಕೋಟಿಗೂ ಹೆಚ್ಚಿದ್ದರು, ಮತ್ತು ಜನಸಂಖ್ಯೆಯಲ್ಲಿ ಅವರ ಪಾಲು ರಾಷ್ಟ್ರದ ಸರಾಸರಿಗಿಂತ ಕರ್ನಾಟಕದಲ್ಲಿ ಹೆಚ್ಚಾಗಿತ್ತು. ಯಾವ ಜಿಲ್ಲಾ ಆಸ್ಪತ್ರೆಯ ಮೆಡಿಸಿನ್, ಮೂಳೆ ಅಥವಾ ಕಣ್ಣಿನ ವಾರ್ಡಿಗೆ ಹೋದರೂ ಹಿರಿಯರೇ ಕಾಣುತ್ತಾರೆ. ಜಿಲ್ಲಾ ಆಸ್ಪತ್ರೆಯನ್ನೇ ಬೋಧನಾ ಆಸ್ಪತ್ರೆಯಾಗಿ ಉಳ್ಳ ಸರ್ಕಾರಿ ಕಾಲೇಜುಗಳಿಗೆ ಇನ್ನೊಂದು ಅನುಕೂಲವೂ ಇದೆ: 2010–11ರಲ್ಲಿ ಆರಂಭವಾದ ರಾಷ್ಟ್ರೀಯ ವೃದ್ಧರ ಆರೋಗ್ಯ ಆರೈಕೆ ಕಾರ್ಯಕ್ರಮವು ಜಿಲ್ಲಾ ಆಸ್ಪತ್ರೆಯಲ್ಲಿ 10 ಹಾಸಿಗೆಗಳ ಪ್ರತ್ಯೇಕ ವಾರ್ಡನ್ನು ಕಲ್ಪಿಸುತ್ತದೆ. ಆ ವಾರ್ಡು ನಿಮ್ಮಲ್ಲಿ ನಡೆಯುತ್ತಿದೆಯೇ, ಇಲ್ಲವೇ ಬೋರ್ಡು ಮಾತ್ರ ಉಳಿದಿದೆಯೇ ಎಂಬುದನ್ನು ಒಮ್ಮೆ ಹೋಗಿ ನೋಡಿ ಬನ್ನಿ.

ಪ್ರತ್ಯೇಕ ವಿಭಾಗವೋ, ಇದ್ದ ವಿಭಾಗಗಳಲ್ಲೇ ಬೆರೆಸುವುದೋ?

ದೊಡ್ಡ ಆಯ್ಕೆ ಇದು. ದೇಶದಲ್ಲಿ ಜೆರಿಯಾಟ್ರಿಕ್ಸ್‌ನ ಎಂಡಿ ಮೊದಲು ಆರಂಭವಾದದ್ದು 1996ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ, ಪ್ರೊ. ವಿ. ಎಸ್. ನಟರಾಜನ್ ಅವರ ದೀರ್ಘ ಪರಿಶ್ರಮದ ಫಲವಾಗಿ. ದೆಹಲಿಯ ಏಮ್ಸ್ ಅದನ್ನು ಆರಂಭಿಸುವ ಹೊತ್ತಿಗೆ ಒಂದೂವರೆ ದಶಕವೇ ಕಳೆದಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಈ ಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗವಿದೆ. ನಿಮ್ಹಾನ್ಸ್‌ನಲ್ಲಿ ವೃದ್ಧರ ಮನೋವೈದ್ಯಕ್ಕೆ ಮೀಸಲಾದ ಘಟಕವಿದೆ. ಪ್ರತ್ಯೇಕ ವಿಭಾಗದ ಲಾಭ ಸ್ಪಷ್ಟ. ವಿಷಯಕ್ಕೊಬ್ಬ ಒಡೆಯ ಇರುತ್ತಾನೆ, ಸ್ನಾತಕೋತ್ತರ ವಿದ್ಯಾರ್ಥಿಗಳು ಬರುತ್ತಾರೆ, ಸಂಶೋಧನೆ ನಡೆಯುತ್ತದೆ, ಪರೀಕ್ಷಾ ಮಂಡಳಿಯಲ್ಲಿ ಮಾತಾಡುವ ಬಾಯಿ ಇರುತ್ತದೆ.

ತೊಡಕೂ ಅಷ್ಟೇ ಸ್ಪಷ್ಟ. ಎಂಡಿಗೆ ಮೂರು ವರ್ಷ ಬೇಕು; ಅದನ್ನು ಕಲಿಸಲು ಅರ್ಹ ಅಧ್ಯಾಪಕರು ಬೇಕು; ಅಂಥವರು ದೇಶದಲ್ಲೇ ಕಡಿಮೆ. ವಿಭಾಗ ತೆರೆದು ಅಧ್ಯಾಪಕರು ಸಿಗದಿದ್ದರೆ ಅದು ಮತ್ತೆ ಮೆಡಿಸಿನ್‌ನವರ ಹೆಗಲಿಗೇ ಬೀಳುತ್ತದೆ. ಇದಕ್ಕಿಂತ ಸೂಕ್ಷ್ಮವಾದ ತೊಂದರೆ ಇನ್ನೊಂದಿದೆ: ‘ಜೆರಿಯಾಟ್ರಿಕ್ಸ್’ ಎಂಬ ಬಾಗಿಲು ಬಂದ ಕೂಡಲೇ ಮೂಳೆ ವಿಭಾಗದವರು, ಶಸ್ತ್ರಚಿಕಿತ್ಸೆಯವರು ‘ಅದು ಅವರ ಕೆಲಸ’ ಎಂದು ಕೈತೊಳೆದುಕೊಳ್ಳುವ ಸಾಧ್ಯತೆ ಇರುತ್ತದೆ. ಸೊಂಟದ ಮೂಳೆ ಮುರಿದ ಅಜ್ಜ ಮಲಗಿರುವುದು ಮೂಳೆ ವಾರ್ಡಿನಲ್ಲಿಯೇ. ಡೆಲಿರಿಯಮ್ ಬರುವುದೂ ಅಲ್ಲಿಯೇ.

ಎರಡನೆಯ ದಾರಿ ಬೆರೆಸುವುದು, ಅಂದರೆ ಪ್ರತಿಯೊಂದು ವಿಭಾಗವೂ ತನ್ನ ಪಾಲಿನ ವೃದ್ಧರ ಆರೈಕೆಯನ್ನು ಕಲಿಸುವುದು. ಹೀಗೆ ಮಾಡುವಾಗ ವಿಷಯ ಎಲ್ಲರದೂ ಆಗಿ ಯಾರದೂ ಆಗದೆ ಹೋಗುತ್ತದೆ, ಊರ ದನಕ್ಕೆ ಮೇವು ಹಾಕುವವರಿಲ್ಲ ಎಂಬ ಹಾಗೆ. ಇದನ್ನು ತಪ್ಪಿಸಲು ಚಿಕ್ಕ, ಗಟ್ಟಿಯಾದ ಪಟ್ಟಿಯೊಂದು ಬೇಕು. ಅಮೆರಿಕದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ 8 ವಿಭಾಗಗಳಲ್ಲಿ 26 ಕನಿಷ್ಠ ಸಾಮರ್ಥ್ಯಗಳನ್ನು ಗೊತ್ತುಪಡಿಸಿದ ಪಟ್ಟಿ 2009ರಲ್ಲಿ ಪ್ರಕಟವಾಯಿತು. ಇಂಟರ್ನ್‌ಶಿಪ್‌ನ ಮೊದಲ ದಿನ ಹೊಸ ವೈದ್ಯ ಇಷ್ಟನ್ನಾದರೂ ಮಾಡಬಲ್ಲವನಾಗಿರಬೇಕು ಎಂಬುದು ಅದರ ಹಿಂದಿನ ದೃಷ್ಟಿ. ಅದಕ್ಕಿಂತಲೂ ಚಿಕ್ಕದು ‘ನಾಲ್ಕು ಎಂ’ಗಳ ಚೌಕಟ್ಟು: ರೋಗಿಗೆ ಮುಖ್ಯವಾದದ್ದೇನು (What Matters), ಅವರ ಮಾತ್ರೆಗಳು (Medication), ಮನಸ್ಸಿನ ಸ್ಥಿತಿ (Mentation), ಮತ್ತು ಓಡಾಟ (Mobility). ವಾರ್ಡಿನ ಗೋಡೆಗೆ ಅಂಟಿಸಲು, ಮೊದಲ ವರ್ಷದ ನರ್ಸಿಂಗ್ ವಿದ್ಯಾರ್ಥಿನಿಗೂ ಪ್ರೊಫೆಸರಿಗೂ ಒಂದೇ ಭಾಷೆ ಕೊಡಲು, ನನ್ನ ಅನುಭವದಲ್ಲಿ ಇಷ್ಟು ಅನುಕೂಲವಾದ ಚೌಕಟ್ಟು ಬೇರೆ ಇಲ್ಲ.

ಎರಡರಲ್ಲಿ ಒಂದನ್ನು ಆರಿಸಬೇಕಾದಾಗ ನಾನು ಬೆರೆಸುವುದರ ಕಡೆಗೆ ನಿಲ್ಲುತ್ತೇನೆ, ಒಂದು ಷರತ್ತಿನೊಂದಿಗೆ: ಹೆಸರು ಹಿಡಿದು ಕೇಳಬಹುದಾದ ಒಬ್ಬ ಸಂಯೋಜಕರು ಇರಬೇಕು, ಅವರಿಗೆ ವಾರದಲ್ಲಿ ಕನಿಷ್ಠ ಒಂದು ದಿನ ಇದಕ್ಕೇ ಮೀಸಲಾಗಿರಬೇಕು. ಹಿಂದೆಯೇ ಅರ್ಹರು ಸಿದ್ಧರಾಗಿರುವ ದೊಡ್ಡ ಕಾಲೇಜುಗಳು ಮಾತ್ರ ವಿಭಾಗದಿಂದ ಆರಂಭಿಸಲಿ.

ಕಲಿಯುವ ಜಾಗ: ವಾರ್ಡು, ಹಳ್ಳಿ, ವೃದ್ಧಾಶ್ರಮ, ಸಿಮ್ಯುಲೇಶನ್ ಕೋಣೆ

ಪಾಠ ಎಲ್ಲಿ ನಡೆಯುತ್ತದೆ ಎಂಬುದರ ಮೇಲೆ ವಿದ್ಯಾರ್ಥಿ ಏನು ಕಲಿಯುತ್ತಾನೆ ಎಂಬುದು ನಿಂತಿದೆ. ಹಿರಿಯರನ್ನು ವಾರ್ಡಿನಲ್ಲಿ ಮಾತ್ರ ಕಂಡವನಿಗೆ ಮುಪ್ಪೆಂದರೆ ಕ್ಯಾತೆಟರ್, ಹಾಸಿಗೆ ಹುಣ್ಣು ಮತ್ತು ಆಮ್ಲಜನಕದ ಕೊಳವೆ. ವೃದ್ಧಾಶ್ರಮದಲ್ಲಿ ಮಾತ್ರ ಕಂಡವನಿಗೆ ಮುಪ್ಪೆಂದರೆ ಕೈಬಿಟ್ಟ ಮಕ್ಕಳು. ಹೊಲಕ್ಕೆ ಬುತ್ತಿ ಒಯ್ಯುವ, ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟುಬರುವ, ಸ್ವಸಹಾಯ ಸಂಘದ ಪುಸ್ತಕ ಇಟ್ಟುಕೊಂಡಿರುವ ಎಪ್ಪತ್ತೈದರ ಹಿರಿಯರು ಇವರಿಬ್ಬರ ಕಣ್ಣಿಗೂ ಬಿದ್ದಿರುವುದಿಲ್ಲ.

ಹಾಗಾಗಿ 2022ರಿಂದ ಎಂಬಿಬಿಎಸ್‌ನಲ್ಲಿ ಬಂದ ಕುಟುಂಬ ದತ್ತು ಕಾರ್ಯಕ್ರಮವನ್ನು ನಾನು ಸಿಕ್ಕ ಭಾಗ್ಯವೆಂದೇ ಎಣಿಸುತ್ತೇನೆ. ವಿದ್ಯಾರ್ಥಿ ಹಳ್ಳಿಯ ಕೆಲವು ಕುಟುಂಬಗಳನ್ನು ಮೊದಲ ವರ್ಷದಿಂದಲೇ ಮತ್ತೆ ಮತ್ತೆ ಭೇಟಿಯಾಗಬೇಕೆಂಬುದು ಅದರ ನಿಯಮ. ಹಂಚಿಕೆ ಮಾಡುವಾಗ ಪ್ರತಿಯೊಬ್ಬ ವಿದ್ಯಾರ್ಥಿಯ ಪಾಲಿಗೆ ಹಿರಿಯರಿರುವ ಒಂದು ಮನೆಯಾದರೂ ಬರುವಂತೆ ನೋಡಿಕೊಂಡರೆ ಸಾಕು, ಪ್ರತ್ಯೇಕ ಹಣವಿಲ್ಲದೆ ಅತ್ಯುತ್ತಮ ಜೆರಿಯಾಟ್ರಿಕ್ ಪೋಸ್ಟಿಂಗ್ ಸಿದ್ಧವಾಗುತ್ತದೆ. ಅದೇ ಅಜ್ಜನನ್ನು ಮೂರು ವರ್ಷ ನೋಡುವವನಿಗೆ, ಮೊದಲ ಸಲ ಬಾಗಿಲ ತನಕ ಬಂದು ಮಾತಾಡಿಸಿದವರು ಮೂರನೆಯ ವರ್ಷ ಮಂಚದಿಂದೇಳಲು ಗೋಡೆ ಹಿಡಿಯುವುದು ಕಾಣುತ್ತದೆ. ಕ್ಷೀಣತೆ ಎಂಬ ಪದವನ್ನು ಯಾವ ಸ್ಲೈಡೂ ಹೀಗೆ ಕಲಿಸಲಾರದು.

ಹಳ್ಳಿಯ ಮನೆಯಲ್ಲಿ ಮಾಡಿಸಬೇಕಾದ ಪರೀಕ್ಷೆಗಳಿಗೆ ಯಂತ್ರಗಳು ಬೇಕಿಲ್ಲ. ಕುರ್ಚಿಯಿಂದ ಮೂರು ಮೀಟರ್ ಅಳೆದು ಸೀಮೆಸುಣ್ಣದಿಂದ ಗೆರೆ ಎಳೆಯುವುದು, ಎದ್ದು ಗೆರೆಯ ತನಕ ನಡೆದು ತಿರುಗಿ ಬಂದು ಕೂರಲು ಹೇಳುವುದು, ಮೊಬೈಲಿನಲ್ಲಿ ಸೆಕೆಂಡು ಎಣಿಸುವುದು. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆಯೆಂದು ಎಚ್ಚರಗೊಳ್ಳುವುದು. ಮಲಗಿಸಿ ಬಿಪಿ ನೋಡಿ, ನಿಲ್ಲಿಸಿ ಮೂರು ನಿಮಿಷದೊಳಗೆ ಮತ್ತೆ ನೋಡುವುದು. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ಬರೆದುಕೊಳ್ಳುವುದು. ಕೊನೆಗೆ, “ಅಜ್ಜೀ, ನೀವು ನುಂಗುವ ಮಾತ್ರೆಗಳನ್ನೆಲ್ಲ ತನ್ನಿ” ಎನ್ನುವುದು. ಮೂಲೆಯ ಗೂಡಿನಿಂದ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರೊಂದು ಬರುತ್ತದೆ. ಚಾಪೆಯ ಮೇಲೆ ಸುರಿದರೆ ಅರ್ಧ ಕತ್ತರಿಸಿದ ಸ್ಟ್ರಿಪ್ಪುಗಳು, ಹೆಸರಿನ ಭಾಗ ಹರಿದುಹೋದವು, ಎರಡು ಬೇರೆ ಬೇರೆ ಹೆಸರಿನಲ್ಲಿ ಒಂದೇ ಬಿಪಿ ಮಾತ್ರೆ ಆಮ್ಲೋಡಿಪಿನ್, ಒಂದು ಪಟ್ಟಣದ ಡಾಕ್ಟರದು, ಇನ್ನೊಂದು ಪಿಎಚ್‌ಸಿಯದು. ಅಜ್ಜಿ ಎರಡನ್ನೂ ಶ್ರದ್ಧೆಯಿಂದ ನುಂಗುತ್ತಿರುತ್ತಾರೆ, ಕಾಲು ಊದಿಕೊಂಡಿದೆಯೆಂದು ಮೂರನೆಯವರೊಬ್ಬರು ಮೂತ್ರ ಹೋಗುವ ಮಾತ್ರೆಯನ್ನೂ ಬರೆದಿರುತ್ತಾರೆ. ಕಾಲು ಊದಿದ್ದೇ ಆಮ್ಲೋಡಿಪಿನ್ನಿನಿಂದ ಇರಬಹುದೆಂದು ವಿದ್ಯಾರ್ಥಿಗೆ ಆ ಚಾಪೆಯ ಮೇಲೆ ಹೊಳೆದರೆ, ಔಷಧಶಾಸ್ತ್ರದ ಒಂದು ಪಾಠ ಆ ಜನ್ಮಕ್ಕೆ ಮರೆಯುವುದಿಲ್ಲ. ವೃದ್ಧರಿಗೆ ಸಲ್ಲದ ಔಷಧಗಳ ಬಿಯರ್ಸ್ ಪಟ್ಟಿಯನ್ನು ಆಮೇಲೆ ಕೈಗಿತ್ತರೆ ಅವನೇ ಕುತೂಹಲದಿಂದ ಓದುತ್ತಾನೆ.

ಸ್ಮರಣೆಯ ಪರೀಕ್ಷೆಯಲ್ಲಿ ಒಂದು ಎಚ್ಚರ ಬೇಕು. ಇಂಗ್ಲಿಷಿನಿಂದ ಯಥಾವತ್ತಾಗಿ ತಂದ ಪ್ರಶ್ನೆಗಳು ಶಾಲೆಗೆ ಹೋಗದ ಹಿರಿಯರನ್ನು ಸುಮ್ಮನೆ ‘ಮರೆವಿನವರು’ ಮಾಡಿಬಿಡುತ್ತವೆ. ತಾರೀಖು ಹೇಳಲಾರದ ಅಜ್ಜಿ, “ಗೌರಿಹಬ್ಬ ಆಗಿ ಹತ್ತು ದಿನ, ನಾಡಿದ್ದು ಹುಣ್ಣಿಮೆ” ಎಂದು ಲೆಕ್ಕ ಹಾಕಿದರೆ ಅವರಿಗೆ ಕಾಲದ ಅರಿವಿದೆ. ಹುಣ್ಣಿಮೆಯ ಲೆಕ್ಕ ತಪ್ಪಿದ್ದರೆ ಅದನ್ನು ಗುರುತಿಸಲು ವಿದ್ಯಾರ್ಥಿಯೇ ಪಂಚಾಂಗ ನೋಡಬೇಕಾದೀತು. ಹರಿಯಾಣದ ಬಲ್ಲಭಗಡದಲ್ಲಿ ನಡೆದ ಅಧ್ಯಯನಕ್ಕಾಗಿ, ಓದುಬರಹ ಬಾರದವರಿಗೆ ಹೊಂದುವಂತೆ ರೂಪಿಸಿದ ಹಿಂದಿ ಮಾನಸಿಕ ಸ್ಥಿತಿ ಪರೀಕ್ಷೆ ಇಂಥ ಕೆಲಸಕ್ಕೆ ಮಾದರಿ. 60 ದಾಟಿದ ಭಾರತೀಯರಲ್ಲಿ ಶೇ. 7.4 ಮಂದಿಗೆ ಡಿಮೆನ್ಶಿಯಾ (ಮರೆವಿನ ಕಾಯಿಲೆ) ಇದೆಯೆಂದು ರಾಷ್ಟ್ರೀಯ ಮಟ್ಟದ ಅಧ್ಯಯನ ಅಂದಾಜಿಸಿರುವಾಗ, ಇದನ್ನು ಸರಿಯಾಗಿ ಕೇಳಲು ಕಲಿಯುವುದು ಸಣ್ಣ ಮಾತಲ್ಲ.

ವೃದ್ಧಾಶ್ರಮದ ಭೇಟಿಯ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಠಿಣ. ಬಸ್ಸಿನಲ್ಲಿ ಹೋಗಿ, ಹಣ್ಣು ಹಂಚಿ, ಫೋಟೊ ತೆಗೆಸಿಕೊಂಡು ಬರುವುದು ತರಬೇತಿಯಲ್ಲ. ಅದೇ ಆಶ್ರಮಕ್ಕೆ ತಿಂಗಳಿಗೆರಡು ಸಲ ಹೋಗಿ ಔಷಧ, ಹಲ್ಲು, ಕಾಲಿನ ಆರೈಕೆ ನೋಡುವ ಒಪ್ಪಂದ ಮಾಡಿಕೊಂಡರೆ ಮಾತು ಬೇರೆ. ಡಿಮೆನ್ಶಿಯಾ ಆರೈಕೆಯಲ್ಲಿ ಪಳಗಿದ ಸಂಸ್ಥೆಗಳು ಬೆಂಗಳೂರಿನಲ್ಲಿವೆ. 1998ರಲ್ಲಿ ಆರಂಭವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಅವುಗಳಲ್ಲೊಂದು. ರಾಜಧಾನಿಯ ಸುತ್ತಲ ಕಾಲೇಜುಗಳಿಗೆ ಇಂಥ ಕಡೆ ಒಂದೆರಡು ವಾರದ ಪೋಸ್ಟಿಂಗ್ ಸಾಧ್ಯ.

ಸಿಮ್ಯುಲೇಶನ್ನಿನ ವಿಷಯಕ್ಕೆ ಬಂದರೆ, ಮುಪ್ಪಿನ ಅನುಭವ ಕೊಡುವ ದುಬಾರಿ ಉಡುಪನ್ನು ಕೊಳ್ಳಬೇಕಾಗಿಲ್ಲ. ಕನ್ನಡಕಕ್ಕೆ ವ್ಯಾಸಲೀನ್ ಸವರಿ, ಕಿವಿಗೆ ಹತ್ತಿಯಿಟ್ಟು, ಕೈಗೆ ಎರಡು ಜೊತೆ ಗ್ಲೌಸ್ ಹಾಕಿ, ಚಪ್ಪಲಿಯೊಳಗೆ ಕಡಲೆಕಾಳು ಸುರಿದು ಮಾತ್ರೆಯ ಸ್ಟ್ರಿಪ್ ಓದಲು ಹೇಳಿದರೆ ಅರ್ಧ ಗಂಟೆಯಲ್ಲಿ ತಿಳಿಯಬೇಕಾದ್ದು ತಿಳಿಯುತ್ತದೆ. ಆದರೆ ಇದರಿಂದ ಹುಟ್ಟುವುದು ಬಹುತೇಕ ಕನಿಕರ, ಕೌಶಲವಲ್ಲ. ಮೊದಲ ವರ್ಷದ ಫೌಂಡೇಶನ್ ಕೋರ್ಸಿಗೆ ಒಗ್ಗುತ್ತದೆ, ಅಲ್ಲಿಗೇ ಸಾಕು.

ಒಟ್ಟಿಗೆ ಕಲಿಸುವುದೋ, ಬೇರೆ ಬೇರೆಯಾಗಿಯೋ?

ಮೇಲಿನ ಅಜ್ಜಿಯ ಪ್ರಸಂಗವನ್ನು ಮತ್ತೆ ನೆನೆಯಿರಿ: ಉತ್ತರ ನರ್ಸಿಂಗ್ ವಿದ್ಯಾರ್ಥಿನಿಯ ಚಾರ್ಟಿನಲ್ಲಿತ್ತು. ವೈದ್ಯ, ನರ್ಸ್, ಫಿಸಿಯೋಥೆರಪಿ ಮತ್ತು ಫಾರ್ಮಸಿ ವಿದ್ಯಾರ್ಥಿಗಳು ಒಂದೇ ಆವರಣದಲ್ಲಿ ಓದಿಯೂ ಕ್ಯಾಂಟೀನಿನಲ್ಲಿ ಬಿಟ್ಟರೆ ಎಲ್ಲಿಯೂ ಸೇರುವುದಿಲ್ಲ. ಬೇರೆ ಬೇರೆಯಾಗಿ ಕಲಿಸಿದರೆ ವೇಳಾಪಟ್ಟಿ ಸಲೀಸು, ಪರೀಕ್ಷೆ ಸಲೀಸು. ಒಟ್ಟಿಗೆ ಕಲಿಸುವುದು ತಲೆನೋವು, ಏಕೆಂದರೆ ನಾಲ್ಕು ಕಾಲೇಜುಗಳ ಪೋಸ್ಟಿಂಗ್ ತಾರೀಖುಗಳು ಎಂದೂ ಹೊಂದುವುದಿಲ್ಲ. ಆದರೂ ಉಳಿದ ಯಾವ ವಿಷಯದಲ್ಲಿ ಬಿಟ್ಟರೂ ಇದರಲ್ಲಿ ಒಟ್ಟುಗೂಡಿಸುವ ಕಷ್ಟವನ್ನು ಪಡಲೇಬೇಕೆಂಬುದು ನನ್ನ ನಿಲುವು. ಇಡೀ ಸೆಮಿಸ್ಟರ್ ಬೇಡ. ವಾರಕ್ಕೊಂದು ಗಂಟೆ, ನಾಲ್ವರು ವಿದ್ಯಾರ್ಥಿಗಳು, ಒಬ್ಬ ರೋಗಿ, ಒಂದು ಪುಟದ ಪರಿಶೀಲನಾ ಕಾರ್ಡು. ಸ್ನಾನ, ಬಟ್ಟೆ, ಊಟ, ಶೌಚ, ನಡಿಗೆ ಇವುಗಳಲ್ಲಿ ರೋಗಿಗೆ ಯಾವುದಕ್ಕೆ ನೆರವು ಬೇಕು ಎಂಬ ಸಾಲನ್ನು ನರ್ಸಿಂಗ್ ವಿದ್ಯಾರ್ಥಿನಿ ತುಂಬಲಿ, ನಡಿಗೆಯ ಸೆಕೆಂಡುಗಳನ್ನು ಫಿಸಿಯೋದವನು, ಮಾತ್ರೆಗಳ ಸಾಲನ್ನು ಫಾರ್ಮಸಿಯವಳು. ವೈದ್ಯ ವಿದ್ಯಾರ್ಥಿ ಕೊನೆಯಲ್ಲಿ ಮಾತಾಡಲಿ, ಮೊದಲಲ್ಲ. ಈ ಕ್ರಮವನ್ನು ಪಾಲಿಸುವುದು ಅವನಿಗಿಂತ ಅವನ ಪ್ರೊಫೆಸರಿಗೆ ಕಷ್ಟವಾಗುತ್ತದೆ.

ಅಧ್ಯಾಪಕರ ತರಬೇತಿ

ನನ್ನನ್ನು ಕೇಳಿದರೆ ಹಣ ಮೊದಲು ಹೋಗಬೇಕಾದದ್ದು ಇಲ್ಲಿಗೆ. ಆಯ್ಕೆಗಳು ಮುಖ್ಯವಾಗಿ ಮೂರು.

ವೈದ್ಯಕೀಯ ಶಿಕ್ಷಣ ಘಟಕ ನಡೆಸುವ ಎರಡು ಮೂರು ದಿನದ ಕಾರ್ಯಾಗಾರ ಅಗ್ಗದ್ದು, ಒಮ್ಮೆಗೆ ಮೂವತ್ತು ಜನರನ್ನು ಮುಟ್ಟುತ್ತದೆ. ಪ್ರಮಾಣಪತ್ರವೂ ಸಿಗುತ್ತದೆ. ಸೋಮವಾರದ ರೌಂಡ್ಸಿನಲ್ಲಿ ಮಾತ್ರ ಏನೂ ಬದಲಾಗಿರುವುದಿಲ್ಲ, ಮುಂದಿನ ಆರು ತಿಂಗಳು ಯಾರಾದರೂ ಬೆನ್ನಿಗೆ ಬೀಳದಿದ್ದರೆ.

ಎರಡನೆಯದು ಸೇವೆಯಲ್ಲಿರುವವರು ಕೆಲಸ ಬಿಡದೆ ಓದಬಹುದಾದ ಕೋರ್ಸುಗಳು. ಎಂಬಿಬಿಎಸ್ ಆದವರಿಗಾಗಿ ಇಗ್ನೊ ಮುಕ್ತ ವಿಶ್ವವಿದ್ಯಾಲಯ ರೂಪಿಸಿದ ಒಂದು ವರ್ಷದ ಜೆರಿಯಾಟ್ರಿಕ್ ಮೆಡಿಸಿನ್ ಸ್ನಾತಕೋತ್ತರ ಡಿಪ್ಲೊಮಾ ಇವುಗಳಲ್ಲಿ ಹೆಸರಾದದ್ದು. ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ, ಖಾಸಗಿ ಪ್ರಾಕ್ಟೀಸಿನವರಿಗೆ ಇದು ಬಹಳ ಉಪಯೋಗ. ಅಧ್ಯಾಪಕರಿಗಾದರೆ ಒಂದು ಮಾತು: ಎಂಡಿಗೆ ಇರುವ ಬೋಧನಾ ಅರ್ಹತೆ ಇಂಥ ಡಿಪ್ಲೊಮಾಗಳಿಗೆ ಇರುತ್ತದೆಂದು ಭಾವಿಸಿ ಸೇರಬೇಡಿ, ಸೇರುವ ಮೊದಲು ನಿಯಮ ಓದಿ.

ಮೂರನೆಯದು ಒಬ್ಬಿಬ್ಬರನ್ನು ಒಂದೆರಡು ತಿಂಗಳು ನುರಿತ ಕೇಂದ್ರಕ್ಕೆ ಕಳಿಸುವುದು. ಚೆನ್ನೈನ ಗಿಂಡಿಯಲ್ಲಿ 2024ರಲ್ಲಿ ಉದ್ಘಾಟನೆಯಾದ 200 ಹಾಸಿಗೆಗಳ ರಾಷ್ಟ್ರೀಯ ವೃದ್ಧಾಪ್ಯ ಕೇಂದ್ರ ನಮಗೆ ದೂರವಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಮತ್ತು ನಿಮ್ಹಾನ್ಸ್‌ಗಳನ್ನು ಮೇಲೆಯೇ ಹೇಳಿದ್ದೇನೆ. ಹಿರಿಯ ಪ್ರೊಫೆಸರನ್ನು ಕಳಿಸಬೇಡಿ, ಅವರು ಬಂದು ಭಾಷಣ ಮಾಡುತ್ತಾರೆ. ಮೆಡಿಸಿನ್‌ನ ಒಬ್ಬ ಸಹಾಯಕ ಪ್ರಾಧ್ಯಾಪಕರನ್ನೂ ನರ್ಸಿಂಗ್ ಕಾಲೇಜಿನ ಒಬ್ಬ ಟ್ಯೂಟರನ್ನೂ ಜೊತೆಯಾಗಿ ಕಳಿಸಿ. ಒಬ್ಬರೇ ಹೋಗಿ ಬಂದರೆ ಊರಿಗೆ ಬಂದ ಮೇಲೆ ಒಂಟಿಯಾಗುತ್ತಾರೆ, ಇಬ್ಬರಿದ್ದರೆ ವಾರ್ಡಿನಲ್ಲಿ ಒಬ್ಬರಿಗೊಬ್ಬರು ನೆನಪಿಸಿಕೊಳ್ಳುತ್ತಾರೆ. ಅವರು ಮರಳಿದ ಮೇಲೆ ಮೊದಲನೆಯ ಆಯ್ಕೆಯಾದ ಕಾರ್ಯಾಗಾರವನ್ನು ಅವರಿಂದಲೇ, ವಾರ್ಡಿನಲ್ಲಿಯೇ, ನಿಜವಾದ ರೋಗಿಗಳ ಪಕ್ಕದಲ್ಲಿಯೇ ನಡೆಸಿ. ಈ ಅನುಕ್ರಮದಲ್ಲಿ ಖರ್ಚಾಗುವುದು ಎರಡು ಜನರ ರಜೆ, ಪ್ರಯಾಣ ಮತ್ತು ವಸತಿ. ಉಡುಪಿನ ಸಿಮ್ಯುಲೇಟರಿಗೆ ಇಟ್ಟ ಹಣದಲ್ಲಿ ಇದು ಆಗಿಹೋಗುತ್ತದೆ.

ಯಾರಿಗೆ ಯಾವುದು

ಹೊಸ ಸರ್ಕಾರಿ ಕಾಲೇಜಾಗಿದ್ದು, ಅಧ್ಯಾಪಕರ ಹುದ್ದೆಗಳೇ ಖಾಲಿಯಿದ್ದರೆ, ಕುಟುಂಬ ದತ್ತು ಕಾರ್ಯಕ್ರಮದಲ್ಲಿ ಹಿರಿಯರಿರುವ ಮನೆಗಳ ಹಂಚಿಕೆ, ಒಂದು ಪುಟದ ಕಾರ್ಡು ಮತ್ತು ಇಬ್ಬರ ತರಬೇತಿ, ಈ ಮೂರಕ್ಕೆ ನಿಲ್ಲಿಸಿ. ಆವರಣದಲ್ಲಿ ನರ್ಸಿಂಗ್, ಫಿಸಿಯೋ, ಫಾರ್ಮಸಿ ಎಲ್ಲವೂ ಇರುವ ಖಾಸಗಿ ಸಂಸ್ಥೆಯಾದರೆ ಒಟ್ಟಿಗೆ ಕಲಿಸುವ ಗಂಟೆಯಿಂದ ಆರಂಭಿಸಿ, ನಿಮಗೆ ಕ್ಷಮೆಯಿಲ್ಲ. ಸ್ವತಂತ್ರ ನರ್ಸಿಂಗ್ ಕಾಲೇಜಾಗಿದ್ದರೆ ಪಠ್ಯಕ್ರಮದಲ್ಲಿರುವ ಪ್ಯಾಲಿಯೇಟಿವ್ (ನೋವು, ನರಳಾಟ ತಗ್ಗಿಸುವ) ಆರೈಕೆಯ ಕಡ್ಡಾಯ ಮಾಡ್ಯೂಲನ್ನು ಜೆರಿಯಾಟ್ರಿಕ್ ಪೋಸ್ಟಿಂಗಿನೊಂದಿಗೆ ಜೋಡಿಸಿ, ಎರಡಕ್ಕೂ ಒಂದೇ ಮನೆಭೇಟಿ ಆಗುತ್ತದೆ. ಎಂಡಿ ಸೀಟು ತೆರೆಯುವ ಶಕ್ತಿಯುಳ್ಳವರು ತೆರೆಯಲಿ, ಆದರೆ ಆ ಪಿಜಿಗಳನ್ನು ಮೂಳೆ ಮತ್ತು ಶಸ್ತ್ರಚಿಕಿತ್ಸೆಯ ವಾರ್ಡುಗಳಿಗೂ ದಿನಾ ಕಳಿಸಲಿ.

ಯಾವ ದಾರಿ ಹಿಡಿದರೂ ಪರೀಕ್ಷೆಯಲ್ಲಿ ಅದಕ್ಕೆ ಜಾಗವಿರಬೇಕು, ಅಂಕವಿಲ್ಲದ್ದನ್ನು ನಮ್ಮ ಮಕ್ಕಳು ಓದುವುದಿಲ್ಲ. ಆಂತರಿಕ ಪರೀಕ್ಷೆಯ ಓಎಸ್‌ಸಿಇಯಲ್ಲಿ, ಅಂದರೆ ಸ್ಟೇಷನ್ನಿಂದ ಸ್ಟೇಷನ್ನಿಗೆ ಹೋಗಿ ಕೌಶಲ ತೋರಿಸುವ ಪರೀಕ್ಷೆಯಲ್ಲಿ, ಐದು ನಿಮಿಷದ ಒಂದು ಸ್ಟೇಷನ್ ಸಾಕು: ಕುರ್ಚಿಯ ಮೇಲೆ ಕೂತ ಒಬ್ಬ ಅಜ್ಜಿ, ಮಡಿಲಲ್ಲಿ ಮಾತ್ರೆಗಳ ಒಂದು ಕವರು, ಪಕ್ಕದಲ್ಲಿ ಅವರ ಮಗಳು. ಕವರು ಬಿಚ್ಚಿ ನೋಡಿದವರಿಗೆ ಎರಡು ಅಂಕ, ಅಜ್ಜಿಯನ್ನೇ ಮೊದಲು ಮಾತಾಡಿಸಿದವರಿಗೆ ಎರಡು, “ಮೊದಲು ಹೇಗಿದ್ದರು, ಯಾವಾಗಿಂದ ಹೀಗೆ?” ಎಂದು ಮಗಳನ್ನು ಕೇಳಿದವರಿಗೆ ಮೂರು. ನಾವು ಇದನ್ನು ಮೊದಲ ಸಲ ಇಟ್ಟಾಗ ಹೆಚ್ಚಿನವರು ನೇರವಾಗಿ ಸ್ಟೆತಸ್ಕೋಪ್ ತೆಗೆದರು. ಎರಡನೆಯ ವರ್ಷ, ಹಿಂದಿನ ಬ್ಯಾಚಿನವರು ಹೇಳಿಕೊಟ್ಟಿದ್ದರೋ ಏನೋ, ಬಾಗಿಲು ದಾಟುತ್ತಲೇ ಎಲ್ಲರೂ ಕವರಿಗೆ ಕೈ ಹಾಕಿದರು.